ಅತ್ತಿಯವರ ಸಂಚಿಯೊಳಗಿನ ಹಲ್ಲಿನ ಚಾಕು

ಹೋದ ತಿಂಗಳು ಹಳೇ ಟ್ರಂಕು ತಗದು ಸೀರಿ ಬಿಸಲಿಗೆ ಹಾಕುವಾಗ ನಮ್ಮ ಅತ್ತಿಯವರ ಎಲಿ-ಅಡಿಕಿ ಸಂಚಿ ಸಿಕ್ತು. ಒಳಗ ಅಡಕೊತ್ತು, ಸುಣ್ಣದ ಡಬ್ಬಿ, ಅವುಗಳ ನಡುವ ಒಂದು ಕೆಂಪು ಹಿಡಿಕಿಯ ಮಡಚೋ ಚಾಕು. ಬಾಜೂ ಮನಿ ಅಕ್ಕಾರು ಅಲ್ಲೇ ಕುಂತಿದ್ರು. ಚಾಕು ಬಿಚ್ಚಿ ನೋಡಿ, "ಇದೇನ್ರಿ ಇದು, ಹಿಡಿಕಿ ಹತ್ರ ನಾಕು ಹಲ್ಲು ಅದಾವ, ಮುಂದೆಲ್ಲಾ ಬೋಳು ಐತಿ" ಅಂದ್ರು. ಅದು ಬೋಳಾಗಿದ್ದು ನನ್ನ ತಪ್ಪಿನಿಂದ. ಆ ಮಾತು ಕಡೀಕ ಹೇಳ್ತೀನಿ. ಮೊದಲ ಆ ಹಲ್ಲು ಎಲ್ಲಿಂದ ಬಂದ್ವು ಅನ್ನೋದನ್ನ ಹೇಳ್ತೀನಿ. ಯಾಕಂದ್ರ ಆ ಕಥಿಯೊಳಗ ಒಬ್ಬಾಕಿ ತಾಯಿ ಹೆಸರು ಐತಿ, ನಮಗ್ಯಾರಿಗೂ ಅದು ಗೊತ್ತಿರಲಿಲ್ಲ.

ಅತ್ತಿಯವರು ಜೀವನಪೂರ್ತಿ ಈಳಿಗಿ ಮ್ಯಾಲೆ ಹೆಚ್ಚಿದವರು. ನೆಲದ ಮ್ಯಾಲೆ ಒಂದು ಮಣಕಾಲು ಎತ್ತಿ ಕುಂತು, ಈಳಿಗಿ ಮಣಿ ಇನ್ನೊಂದು ಕಾಲಿಲೆ ಒತ್ತಿ ಹಿಡದು, ಎರಡೂ ಕೈಲೆ ಕಾಯಿ ಮುಂದ ನೂಕಿದ್ರ ಐದು ಮಿನಿಟಿನ್ಯಾಗ ಒಂದು ಬುಟ್ಟಿ ಬದನಿಕಾಯಿ ಆಗತಿತ್ತು. ನಾವು ಸೊಸ್ತ್ಯಾರು ಚಾಕು ಹಿಡದು ಕಟ್ಟಿ ಮ್ಯಾಲೆ ಟಕ್ ಟಕ್ ಅಂತಿದ್ರ ನಗತಿದ್ರು. ಎಪ್ಪತ್ತು ದಾಟಿದ ಮ್ಯಾಲೆ ಮಣಕಾಲು ನೋವು ಬಂತು, ನೆಲಕ್ಕ ಕೂಡಾಕ ಆಗಲಿಲ್ಲ. ಕೈಬೆರಳಿನ ಗಿಣ್ಣೂ ಬಾತು ಚಾಕು ಒತ್ತಾಕ ಶಕ್ತಿ ಉಳೀಲಿಲ್ಲ. ಖುರ್ಚಿ ಮ್ಯಾಲೆ ಕುಂತು ಸುಮ್ಮನ ಅಡಗಿ ಮನಿ ನೋಡತಿದ್ರು. ಅದೇ ಅವರಿಗೆ ನೋವಿಗಿಂತ ದೊಡ್ಡ ತ್ರಾಸ ಆಗಿತ್ತು. "ಕೂಳಿಗೆ ಕಾರಣ, ಭೂಮಿಗೆ ಭಾರ ಆದೆ" ಅಂತಿದ್ರು.

ಆಗ ನಮ್ಮ ಅಕ್ಕನ ಮಗ ಪರದೇಶದಿಂದ ಬಂದಾಂವ ಈ ಚಾಕು ತಂದುಕೊಟ್ಟ. ಒಂದು ಗೇಣಿನೊಳಗಿನ ಅಲಗು, ಬಾಯಿಗುಂಟ ಸಣ್ಣ ಸಣ್ಣ ಅಲೆ ಅಲೆ ಹಲ್ಲು, ಮಡಚಿದ್ರ ಹಿಡಿಕಿಯೊಳಗ ಕುಂದರತೈತಿ. ಅತ್ತಿಯವರು ಮೊದಲ ಮೂಗು ಮುರದ್ರು. ಆಮ್ಯಾಲೆ ತಾಟಿನ್ಯಾಗ ಒಂದು ಟೊಮ್ಯಾಟೊ ಇಟ್ಟುಕೊಂಡು ಸುಮ್ಮನ ಹಿಂದ-ಮುಂದ ಎಳದು ನೋಡಿದ್ರು. ಒತ್ತಲೇ ಇಲ್ಲ, ಬಿಲ್ಲಿ ಬಿಲ್ಲಿ ಬಿದ್ದವು. "ನನ್ನ ಬಾಯಾಗಂತೂ ಹಲ್ಲಿಲ್ಲ, ಚಾಕೂಗರ ಇರಲಿ" ಅಂತ ನಕ್ಕು ಸಂಚಿಯೊಳಗ ಇಟ್ಟುಕೊಂಡ್ರು. ಅವತ್ತಿನಿಂದ ನಮ್ಮನಿ ಟೊಮ್ಯಾಟೊ, ಸವತಿಕಾಯಿ, ಲಿಂಬಿಹಣ್ಣು ಎಲ್ಲಾ ಅವರ ಪಾಲಿಗೆ ಬಂತು.

ಹಲ್ಲು ಇದ್ರ ಒತ್ತೋದು ಯಾಕ ಬ್ಯಾಡ? ಟೊಮ್ಯಾಟೊದ ಸಿಪ್ಪಿ ಗಟ್ಟಿ, ಒಳಗ ನೀರು. ಸಾದಾ ಚಾಕು ಸ್ವಲ್ಪ ಮೊಂಡ ಆಗಿದ್ರೂ ಸಿಪ್ಪಿ ಮ್ಯಾಲೆ ಜಾರತೈತಿ. ಒತ್ತಿದ್ರ ಸಿಪ್ಪಿ ಹರಿಯೂಕಿಂತ ಮೊದಲ ಒಳಗಿಂದು ಪಿಚ್ ಅಂತ ಒಡೀತೈತಿ. ಹಲ್ಲಿನ ಚಾಕುವಿನ್ಯಾಗ ನಮ್ಮ ಕೈಯಿನ ಭಾರ ಎಲ್ಲಾ ಅಲಗಿನ ಮ್ಯಾಲೆ ಹಂಚಿಹೋಗೂದಿಲ್ಲ, ಹಲ್ಲಿನ ತುದಿಗಳ ಮ್ಯಾಲಷ್ಟೇ ಬೀಳತೈತಿ. ತುದಿ ಮೊದಲ ಸಿಪ್ಪಿ ಚುಚ್ಚತೈತಿ, ಎಳದಾಗ ಹಿಂದಿನ ತಗ್ಗಿನ ಬಾಯಿ ಕೊಯ್ಯತೈತಿ. ಇನ್ನೊಂದು ಲಾಭ ಅಂದ್ರ ಮಣಿಗೆ, ತಾಟಿಗೆ ತಾಕೋದು ಬರೀ ತುದಿ. ತಗ್ಗಿನ್ಯಾಗಿನ ಬಾಯಿ ತಾಕೂದೇ ಇಲ್ಲ, ಹಿಂಗಾಗಿ ವರ್ಷಾನುಗಟ್ಲೆ ಹರಿತ ಉಳೀತೈತಿ. ಬ್ರೆಡ್ಡಿಗೂ ಇದೇ ಲೆಕ್ಕ: ಮ್ಯಾಲೆ ಗಟ್ಟಿ, ಒಳಗ ಹತ್ತಿ. ಆದ್ರ ಗಜ್ಜರಿ, ಆಲೂಗಡ್ಡಿಯಂಥ ಗಟ್ಟಿ ಕಾಯಿಗೆ ಈ ಚಾಕು ಅಷ್ಟೇನೂ ಛಲೋ ಅಲ್ಲ, ಸೊಟ್ಟ ಹೋಗತೈತಿ. ಕೊತ್ತಂಬರಿಗಂತೂ ಬ್ಯಾಡೇ ಬ್ಯಾಡ.

ಹಲ್ಲು ಮಾಡೋ ವಿಚಾರ ಹೊಸಾದೇನಲ್ಲ. ಕಬ್ಬಿಣ, ತಾಮ್ರ ಯಾವುದೂ ಇಲ್ಲದ ಕಾಲಕ್ಕ, 10,000 ವರ್ಷಕ್ಕೂ ಹಿಂದ, ಪಶ್ಚಿಮ ಏಷ್ಯಾದ ಮಂದಿ ಚಕಮಕಿ ಕಲ್ಲಿನ ಸಣ್ಣ ಸಣ್ಣ ಚೂರುಗಳನ್ನ ಕಟಗಿಯೊಳಗ ಸಾಲಾಗಿ ಕೂಡಿಸಿ ಕುಡಗೋಲು ಮಾಡಿಕೊಂಡಿದ್ರು. ನಮ್ಮ ದೇಶದಾಗ ಇವತ್ತೂ ಪೈರು ಕೊಯ್ಯಾಕ ಬೋಳು ಕುಡಗೋಲೂ ಐತಿ, ಹಲ್ಲಿನ ಕುಡಗೋಲೂ ಐತಿ. ಇನ್ನ ನಮ್ಮ ಈಳಿಗಿ ನೋಡ್ರಿ: ಅಲಗು ಬೋಳು, ಅದರ ತುದಿಗೆ ಕೊಬ್ಬರಿ ಹೆರಿಯೋ ಹಲ್ಲಿನ ಬಿಲ್ಲಿ. ಎರಡೂ ಒಂದೇ ಮಣಿ ಮ್ಯಾಲೆ! ಅತ್ತಿಯವರು ಮೂಗು ಮುರದ ಹಲ್ಲು ಅರವತ್ತು ವರ್ಷ ಅವರ ಕಾಲ ಕೆಳಗ ಇತ್ತು ಅಂದ್ಹಂಗಾತು. ಪಶ್ಚಿಮದ ದೇಶಗಳ ಅಡಗಿ ಮನಿಗೆ ಹಲ್ಲಿನ ಚಾಕು ಜೋರಾಗಿ ಬಂದಿದ್ದು ಬ್ರೆಡ್ ಕೊಯ್ಯಾಕ. ಅಮೆರಿಕದ ಓಹಾಯೋ ರಾಜ್ಯದ ಫ್ರೀಮಾಂಟ್ ಊರಿನ ಕ್ರಿಸ್ಟಿ ಕಂಪನಿ 1890ರ ದಶಕದಾಗ ಅಲೆ ಅಲೆ ಬಾಯಿಯ ಬ್ರೆಡ್ ಚಾಕು ಮಾರತಿತ್ತು.

ಆದ್ರ ಕಿಸೆದಾಗಿನ ಮಡಚೋ ಚಾಕುವಿಗೆ ಮಾತ್ರ ಹಲ್ಲು ಬರಾಕ ಭಾಳ ಹೊತ್ತು ಹಿಡೀತು. ಆ ಕಥಿಗೆ ಸ್ವಿಟ್ಜರ್ಲೆಂಡಿಗೆ ಹೋಗಬೇಕು, ಯಾಕಂದ್ರ ನಮ್ಮ ಸಂಚಿಯೊಳಗಿನ ಚಾಕು ಅಲ್ಲೀದೇ.

ಅಲ್ಲಿ ಶ್ವೀಟ್ಸ್ ಅನ್ನೋ ಸೀಮಿಯೊಳಗ ಈಬಾಖ್ ಅಂತ ಸಣ್ಣ ಊರು. ಈಗ ನಮಗ ಸ್ವಿಟ್ಜರ್ಲೆಂಡ್ ಅಂದ್ರ ಸಿನಿಮಾದ ಹಾಡು, ಶ್ರೀಮಂತರ ಬ್ಯಾಂಕು. ಆದ್ರ 1880ರ ಸುಮಾರಿಗೆ ಆ ಕಡೆ ಕೆಲಸ ಇಲ್ಲದ ಮಂದಿ ಹೊಟ್ಟಿ ಹೊರಕೊಳ್ಳಾಕ ಹಡಗು ಹತ್ತಿ ಅಮೆರಿಕಕ್ಕ ಹೋಗತಿದ್ರು. ಅಂಥಾ ಊರಾಗ 1884ರಾಗ ಕಾರ್ಲ್ ಎಲ್ಸೆನರ್ ಅನ್ನೋ ಹುಡುಗ ಚಾಕು ಮಾಡೋ ಕಾರ್ಖಾನಿ ತಗದ. ಆತ ಹುಟ್ಟಿದ್ದು 1860ರಾಗ. ಅಪ್ಪ ಟೊಪ್ಪಿಗಿ ಮಾಡಾಂವ. ಮಗ ಚಾಕು ಮಾಡೋ ಕೆಲಸ ಕಲತು, ಪ್ಯಾರಿಸ್ಸಿನ್ಯಾಗ, ಜರ್ಮನಿಯ ಟುಟ್ಲಿಂಗನ್‌ದಾಗ ಕೈ ಪಳಗಿಸಿಕೊಂಡು ಬಂದಿದ್ದ. ಕಾರ್ಖಾನಿ ಅಂದ್ರ ದೊಡ್ಡದೇನಲ್ಲ, ಹಳ್ಳದ ನೀರಿನ ಚಕ್ರದ ಮ್ಯಾಲೆ ಸಾಣಿ ತಿರಗತಿತ್ತು. ಅಡಗಿ ಮನಿ ಚಾಕು, ಇಂಥವನ್ನ ಮಾಡತಿದ್ದ. ಬೆನ್ನಿಗೆ ನಿಂತಾಕಿ ತಾಯಿ, ವಿಕ್ಟೋರಿಯಾ.

ಅದೇ ಹೊತ್ತಿಗೆ ಸ್ವಿಸ್ ಸೈನ್ಯಕ್ಕ ಹೊಸ ಬಂದೂಕು ಬಂತು. ಅದನ್ನ ಬಿಚ್ಚಾಕ ತಿರುಪುಳಿ ಬೇಕು, ಡಬ್ಬಿಯೊಳಗಿನ ಊಟ ತಗಿಯಾಕ ಡಬ್ಬಿ ಕೊರಿಯೋದು ಬೇಕು. ಎಲ್ಲಾ ಒಂದರಾಗೇ ಇರೋ ಮಡಚು ಚಾಕು ಕೊಡೋದು ಅಂತ ಸೈನ್ಯ ಠರಾವು ಮಾಡಿತು. 1890ರ ಮಾದರಿಯೊಳಗ ನಾಕೇ ಸಾಮಾನು: ಒಂದು ಅಲಗು, ಒಂದು ದಬ್ಬಣ, ಒಂದು ಡಬ್ಬಿ ಕೊರಿಯೋದು, ಒಂದು ತಿರುಪುಳಿ. ಹಿಡಿಕಿ ಕಪ್ಪನೆ ಕಟಗೀದು. ನನಗ ಅನಸೋದು ಏನಂದ್ರ, ಆ ನಾಕರಾಗ ಎರಡು ಅಡಗಿ ಮನಿ ಸಾಮಾನೇ! ತಿರುಪುಳಿ ಬಂದೂಕಿಗೆ ಖರೆ, ಆದ್ರ ಮನಿ ಬಿಟ್ಟು ಬಂದ ಹುಡುಗ್ರು ದಿನಾ ಬೆಳಗಾದ್ರ ಆ ಅಲಗಿಲೆ ಕೊಯ್ದಿದ್ದು ರೊಟ್ಟಿ ಗಿಣ್ಣೇ ಇರಬೇಕು.

ಅಲಗಿಗೆ ಹಲ್ಲು ಇರಲಿಲ್ಲ ಅನ್ನೋದನ್ನ ಇಲ್ಲಿ ನೆನಪಿಟ್ಟುಕೊಳ್ರಿ.

ಮೊದಲನೇ ಕಂತಿನ ಚಾಕು ಮಾಡಿಕೊಟ್ಟಿದ್ದು ಜರ್ಮನಿಯ ಸೋಲಿಂಗನ್ ಊರಿನವರು. ನಮ್ಮ ಸೈನಿಕರ ಚಾಕು ಪರದೇಶದಾಗ ಯಾಕ ಆಗಬೇಕು ಅಂತ ಎಲ್ಸೆನರ್ ಬ್ಯಾರೆ ಚಾಕುಗಾರರನ್ನ ಕೂಡಿಸಿ ಒಂದು ಸಂಘ ಕಟ್ಟಿದ. 1891ರ ಅಕ್ಟೋಬರದಾಗ ಅವರ ಚಾಕು ಸೈನ್ಯಕ್ಕ ಹೋದ್ವು. ಆದ್ರ ಸೋಲಿಂಗನ್‌ದಾಗ ದೊಡ್ಡ ದೊಡ್ಡ ಯಂತ್ರ, ಅವರು ಇನ್ನೂ ಕಡಿಮಿ ರೇಟಿಗೆ ಕೊಡತಿದ್ರು. ಸಂಘದವರು ಒಬ್ಬೊಬ್ಬರ ಕೈಬಿಟ್ರು. ಎಲ್ಸೆನರ್ ಒಬ್ಬನ ಉಳದ, ಹಟಕ್ಕ ಬಿದ್ದು ಇದ್ದ ರೊಕ್ಕ ಎಲ್ಲಾ ಕಳಕೊಂಡ. ಬಂಧುಗಳು ಕೈ ಹಿಡದದ್ದರಿಂದ ದಿವಾಳಿ ಆಗೋದು ತಪ್ಪಿತು. ಮಗನ ಹಟ, ಸಾಲ, ಬಂಧುಗಳ ಮುಂದ ಕೈ ಚಾಚೋದು, ಇದನ್ನೆಲ್ಲಾ ಒಳಗಿದ್ದು ನೋಡಿದ ತಾಯಿ ಏನನುಭವಿಸಿರಬೇಕು ಅಂತ ನಮಗ್ಯಾರೂ ಬರದು ಹೇಳಬೇಕಾಗಿಲ್ಲ.

ಆತನ್ನ ಎತ್ತಿದ್ದು ಇನ್ನೊಂದು ಚಾಕು. ಸೈನಿಕರದು ಭಾರ ಆಗತೈತಿ ಅಂತ ಅಧಿಕಾರಿಗಳಿಗೆ ಹಗುರಂದು ಮಾಡಿದ. ಹಿಡಿಕಿಯ ಎರಡೂ ಕಡೆ ಸಾಮಾನು ಬರಂಗ, ಒಂದೇ ಸ್ಪ್ರಿಂಗು ಎರಡೂ ಕಡೆ ಕೆಲಸ ಮಾಡಂಗ ಮಾಡಿದ್ದೇ ಅದರ ಗುಟ್ಟು. ಇನ್ನೊಂದು ಸಣ್ಣ ಅಲಗು, ಬಾಟಲಿಯ ಬೂಚು ತಗಿಯೋ ಸುರುಳಿ ಕೂಡಿದ್ವು. 1897ರ ಜೂನ್ 12ಕ್ಕ ಅದರ ಹಕ್ಕು ನೋಂದಣಿ ಆತು. ಸೈನ್ಯ ಅದನ್ನ ಪುಕ್ಕಟೆ ಕೊಡಲಿಲ್ಲ, ಅಧಿಕಾರಿಗಳು ತಮ್ಮ ರೊಕ್ಕದಾಗ ಅಂಗಡಿಯಿಂದ ಕೊಂಡ್ರು. ಊರ ಮಂದೀನೂ ಕೊಂಡ್ರು. ಇವತ್ತು ಕೆಂಪು ಹಿಡಿಕಿ, ಬಿಳೇ ಕ್ರಾಸ್ ಅಂತ ಜಗತ್ತಿಗೆಲ್ಲಾ ಗೊತ್ತಿರೋದು ಅದೇ.

1909ರಾಗ ತಾಯಿ ತೀರಿಕೊಂಡಳು. ಮಗ ತನ್ನ ಚಾಕುಗಳಿಗೆ ಆಕಿ ಹೆಸರು ಇಟ್ಟ, ವಿಕ್ಟೋರಿಯಾ ಅಂತ. ಆಮ್ಯಾಲೆ ತುಕ್ಕು ಹಿಡೀದ ಉಕ್ಕು ಬಂತು, ನಾವು ಸ್ಟೀಲು ಅಂತೀವಲ್ಲ, ಅದು. ಫ್ರೆಂಚಿನ್ಯಾಗ ಅದಕ್ಕ ಇನಾಕ್ಸ್ ಅಂತಾರ. 1921ರಾಗ ತಾಯಿ ಹೆಸರಿಗೆ ಇನಾಕ್ಸ್ ಕೂಡಿಸಿ ಕಂಪನಿಗೆ ವಿಕ್ಟೋರಿನಾಕ್ಸ್ ಅಂತ ಹೆಸರಾತು. ಅಷ್ಟರಾಗ ಕಾರ್ಲ್ ಎಲ್ಸೆನರನೂ ಇರಲಿಲ್ಲ, 1918ರಾಗ ಹೋಗಿದ್ದ. ನಮ್ಮಲ್ಲಿ ತಾಯಿ ಹೆಸರಿನ್ಯಾಗ ಕಿರಾಣಿ ಅಂಗಡಿ, ಖಾನಾವಳಿ ಎಷ್ಟಿಲ್ಲ! ಆದ್ರ ನಾನು ಈ ಹೆಸರನ್ನ ಅಷ್ಟು ದಿನ ಇಂಗ್ಲೆಂಡಿನ ರಾಣೀದು ಅಂತ ತಿಳಕೊಂಡಿದ್ದೆ. ಅಕ್ಕನ ಮಗನ ಬಿಡಿಸಿ ಹೇಳಿದ್ದು. ಅತ್ತಿಯವರಿಗೆ ಹೇಳಿದಾಗ ಚಾಕು ತಿರುಗಿಸಿ ತಿರುಗಿಸಿ ನೋಡಿ, "ಎಷ್ಟ ಮಕ್ಕಳು ಆಕಿಗೆ?" ಅಂತ ಕೇಳಿದ್ರು.

ಸ್ಟೀಲು ಬಂದಿದ್ದು ಅಡಗಿ ಮನಿಗೆ ಯಾಕ ದೊಡ್ಡ ಮಾತು ಅನ್ನೋದು ಈಳಿಗಿ ಬಳಸಿದವರಿಗೆ ಗೊತ್ತು. ಕಬ್ಬಿಣದ ಈಳಿಗಿಲೆ ಮಾವಿನಕಾಯಿ, ಲಿಂಬಿಹಣ್ಣು ಹೆಚ್ಚಿದ್ರ ಅಲಗು ಕಪ್ಪಾಗತಿತ್ತು, ಹೋಳೂ ಕಪ್ಪಾಗತಿದ್ವು. ಒರಸಿ ಇಡಲಿಲ್ಲ ಅಂದ್ರ ಬೆಳಗಾಗೂದ್ರಾಗ ತುಕ್ಕು. ಬೋಳು ಅಲಗಾದ್ರ ಕಲ್ಲಿಗೆ ತಿಕ್ಕಿ ತುಕ್ಕು ತಗೀಬಹುದು. ಸಣ್ಣ ಹಲ್ಲಿನ ಸಂದಿಯೊಳಗ ತುಕ್ಕು ಹಿಡದ್ರ ಯಾರು ತಿಕ್ಕಬೇಕು? ಟೊಮ್ಯಾಟೊ ಅಂತೂ ಹುಳಿ ಹಣ್ಣು. ನಮ್ಮಜ್ಜಿ ಅದನ್ನ ಚಪ್ಪರ ಬದನಿ ಅಂತಿದ್ಲು, ನನ್ನ ಮಗಳಿಗೆ ಆ ಹೆಸರ ಗೊತ್ತಿಲ್ಲ. ಸ್ಟೀಲು ಇಲ್ಲದಿದ್ರ ಹಲ್ಲಿನ ಟೊಮ್ಯಾಟೊ ಚಾಕು ಇಷ್ಟು ಮನಿಗೆ ಬರತಿರಲಿಲ್ಲ ಅಂತ ನನ್ನ ಲೆಕ್ಕ.

ಅದೇ ವಿಕ್ಟೋರಿನಾಕ್ಸ್ ಕಂಪನಿ ಮನಿಗೆ ಅಂತ ಮಾಡಿದ್ದು ಟೊಮ್ಯಾಟೊ ಚಾಕು. 11 ಸೆಂಟಿಮೀಟರ್ ಅಲಗು, ಅಲೆ ಹಲ್ಲು, ತುದಿ ಗುಂಡಗ. ಮಡಚೂದಿಲ್ಲ. ಅವರ ದೇಶದಾಗ ಟೊಮ್ಯಾಟೊಕ್ಕೂ ಮಾಂಸದ ಸಾಸೇಜಿಗೂ ಅದೇ, ಮುಂಜಾನೆ ನಾಷ್ಟಾದ ಬನ್ನು ಸೀಳಾಕೂ ಅದೇ. ಈಗ ನಮ್ಮ ಪ್ಯಾಟಿಯೊಳಗೂ ಅದು, ಅದರ ನಕಲೂ ಸಿಗತಾವ. ಆ ಅಲಗನ್ನೇ ಮಡಚೋ ಹಿಡಿಕಿಗೆ ಕೂಡಿಸಿದ್ದು ಅತ್ತಿಯವರ ಚಾಕು. ಕಿಸೆದಾಗಿನ ಚಾಕು ಅಡಗಿ ಮನಿಗೆ ಬಂದಿದ್ದಲ್ಲ ಇದು, ಅಡಗಿ ಮನಿ ಚಾಕು ಕಿಸೆ ಸೇರಿದ್ದು.

ಸೈನ್ಯದ ಚಾಕು ಏನಾತು? 1908, 1951, 1961 ಅಂತ ಮಾದರಿ ಬದಲಾಗಕೋತ ಬಂದ್ವು, ಕಟಗಿ ಹಿಡಿಕಿ ಹೋಗಿ ಕಡೀಕ ಅಲ್ಯುಮಿನಿಯಂ ಹಿಡಿಕಿ ಬಂತು. ಅಲಗು ಮಾತ್ರ ಬೋಳೇ ಇತ್ತು. ಫ್ರೆಂಚ್ ಮಾತಾಡೋ ಜುರಾ ಕಡೆಯ ವೆಂಗರ್ ಕಂಪನೀನೂ ಅರ್ಧ ಪಾಲು ಮಾಡಿಕೊಡತಿತ್ತು, 2005ರಾಗ ವಿಕ್ಟೋರಿನಾಕ್ಸ್ ಅದನ್ನ ಕೊಂಡುಕೊಂಡಿತು. ಎರಡನೇ ಮಹಾಯುದ್ಧ ಮುಗದ ಮ್ಯಾಲೆ ಅಮೆರಿಕದ ಸೈನಿಕರು ಅಧಿಕಾರಿ ಚಾಕುಗಳನ್ನ ಗಂಟುಗಟ್ಲೆ ಕೊಂಡು ಮನಿಗೆ ಒಯ್ದ್ರು. ಅದರ ಜರ್ಮನ್ ಹೆಸರು ನಾಲಿಗಿಗೆ ಹೊರಳದೆ ಅವರೇ ಸ್ವಿಸ್ ಆರ್ಮಿ ನೈಫ್ ಅಂತ ಹೆಸರಿಟ್ರು. ಇಡೀ ಲೋಕಕ್ಕ ಆ ಹೆಸರ ಗಟ್ಟಿ ಆತು.

2001ರ ಸಪ್ಟಂಬರದಾಗ ನ್ಯೂಯಾರ್ಕಿನ ಗೋಪುರ ಬಿದ್ದಾಗ ಚಾಕು ವ್ಯಾಪಾರಾನೂ ಬಿತ್ತು. ವಿಮಾನದಾಗ ಕೈಚೀಲದೊಳಗ ಚಾಕು ಒಯ್ಯಂಗಿಲ್ಲ ಅಂತ ಆತು, ವಿಮಾನ ನಿಲ್ದಾಣದ ಅಂಗಡಿಯೊಳಗ ಮಾರೋದೇ ನಿಂತಿತು. ನನ್ನ ತಂಗಿ ಪರ್ಸಿನ್ಯಾಗ ಮರತು ಇಟ್ಟುಕೊಂಡಿದ್ದ ಇಂಥದ್ದೇ ಒಂದು ಚಾಕು ತಪಾಸಣಿ ಡಬ್ಬಿ ಪಾಲಾಗೈತಿ, ಇವತ್ತಿಗೂ ನೆನಸಿಕೊಂಡು ಹೊಟ್ಟಿ ಉರಕೋತಾಳ. ಆದ್ರ ಆ ಹೊತ್ತಿನ್ಯಾಗ ಕಂಪನಿಯವರು ಕೆಲಸದವರನ್ನ ಮನಿಗೆ ಕಳಿಸಲಿಲ್ಲ, ಬ್ಯಾರೆ ಕಂಪನಿಗಳಿಗೆ ಸ್ವಲ್ಪ ದಿನ ಎರವಲು ಕೊಟ್ಟು ಉಳಿಸಿಕೊಂಡ್ರು. ಊರಿನ ಮಂದಿ ಕೆಲಸ ಹುಡಿಕ್ಕೊಂಡು ಹಡಗು ಹತ್ತೋದನ್ನ ನೋಡಿದ ಮನಿತನ ಅಲ್ಲೇನು, ಮರತಿರಲಿಲ್ಲ ಅನಸತೈತಿ.

ಕಡೀಕ 2008ರಾಗ ಸ್ವಿಸ್ ಸೈನ್ಯದ ಹೊಸ ಚಾಕುವಿಗೆ ಹಲ್ಲು ಬಂದ್ವು. ಹಸಿರು-ಕಪ್ಪು ಹಿಡಿಕಿ, 111 ಮಿಲಿಮೀಟರ್ ಉದ್ದ, ಒಂದೇ ಕೈಲೆ ಬಿಚ್ಚೋ ಅಲಗು, ಬಿಚ್ಚಿದ ಮ್ಯಾಲೆ ತಾನಾಗೇ ಮಡಚದಂಗ ಕೀಲಿ. ಆ ಅಲಗಿಗೆ ನಮ್ಮ ಟೊಮ್ಯಾಟೊ ಚಾಕುವಿನಂಗ ಅಲೆ ಅಲೆ ಹಲ್ಲು. ಹಗ್ಗ, ಪಟ್ಟಿ ಇಂಥವೂ ಟೊಮ್ಯಾಟೊ ಇದ್ದಂಗ, ಬೋಳು ಬಾಯಿ ಜಾರತೈತಿ, ಹಲ್ಲು ಹಿಡೀತೈತಿ. 1890ರಿಂದ 2008 ಅಂದ್ರ 118 ವರ್ಷ. ಬ್ರೆಡ್ ಕೊಯ್ಯೋ ಹೆಣ್ಣುಮಕ್ಕಳಿಗೆ ತಿಳದದ್ದು ಸೈನ್ಯಕ್ಕ ತಿಳಿಯಾಕ ಇಷ್ಟು ಹೊತ್ತಾತು ಅಂತ ನಮ್ಮ ಮನಿಯವರ ಮುಂದ ಅಂದೆ. ಅವರು ಪೇಪರಿನಿಂದ ಮುಖ ಎತ್ತಲಿಲ್ಲ.

ಫ್ರಾನ್ಸಿನ ಗುಡ್ಡಗಾಡು ಸವೋಯ್ ಸೀಮಿಯೊಳಗ ಜೋಸೆಫ್ ಒಪಿನೆಲ್ ಅನ್ನಾಂವ 1890ರ ಸುಮಾರಿಗೆ ರೈತರಿಗೆ ಅಂತ ಕಟಗಿ ಹಿಡಿಕಿಯ ಮಡಚು ಚಾಕು ಮಾಡಿದ್ದನ್ನೂ ಒಂದು ಮಾತು ಹೇಳಬೇಕು. ಅದೇ ಹಳೇ ರೂಪದ ಚಾಕುವಿನ 12ನೇ ನಂಬರಿನ ದೊಡ್ಡ ಅಳತಿಯೊಳಗ ಈಗ ಹಲ್ಲಿನ ಅಲಗೂ ಸಿಗತೈತಿ, ಬುತ್ತಿ ಕಟಗೊಂಡು ಊರೂರು ತಿರುಗೋರು ಬ್ರೆಡ್ ಕೊಯ್ಯಾಕ ಒಯ್ಯತಾರ. ನೋಡಾಕ ನಮ್ಮ ಸಂತಿಯೊಳಗಿನ ಕಟಗಿ ಹಿಡಿಕಿ ಚಾಕುವಿನಂಗ ಸಾದಾ ಐತಿ.

ಇನ್ನ ನನ್ನ ತಪ್ಪಿನ ಮಾತು. ಆರೇಳು ವರ್ಷ ಬಳಸಿದ ಮ್ಯಾಲೆ ಅತ್ತಿಯವರ ಚಾಕು ಮೊದಲಿನಂಗ ಕೊಯ್ಯತಿರಲಿಲ್ಲ. ಸೈಕಲ್ ಮ್ಯಾಲೆ ಸಾಣಿ ಕಟಗೊಂಡು ಬರಾಂವ ಓಣಿಯೊಳಗ ಕೂಗಿದ. ಈಳಿಗಿ, ಎರಡು ಚಾಕು, ಕತ್ತರಿ ಜೋಡಿ ಇದನ್ನೂ ಕೊಟ್ಟುಬಿಟ್ಟೆ. ನಾನು ಚಾ ಇಡಾಕ ಒಳಗ ಹೋಗಿ ಬರೋದ್ರಾಗ ಆತ ಸರ್ರಂತ ಕಿಡಿ ಹಾರಿಸಿ ಮುಂದಿನ ಹಲ್ಲೆಲ್ಲಾ ಸಪಾಟ ಮಾಡಿದ್ದ. "ಇದರ ಬಾಯಿ ಭಾಳ ಮುರದಿತ್ತರೀ ಅಕ್ಕಾರ, ಸಮ ಮಾಡೇನಿ" ಅಂದ. ಪಾಪ, ಆತಂದು ಏನು ತಪ್ಪು? ಹೇಳಬೇಕಾದಾಕಿ ನಾನು.

ಹಲ್ಲಿನ ಚಾಕುವಿಗೆ ಸಾಣಿ ಹಿಡಿಯೋದು ಬ್ಯಾರೇನೇ ಐತಿ. ಅಲಗಿನ ಎರಡೂ ಮಗ್ಗಲು ಬೆರಳಾಡಿಸಿ ನೋಡ್ರಿ. ಹಲ್ಲು ಕೊರದಿರೋದು ಸಾಮಾನ್ಯವಾಗಿ ಒಂದೇ ಮಗ್ಗಲಿಗೆ, ಇನ್ನೊಂದು ಮಗ್ಗಲು ಸಪಾಟ ಇರತೈತಿ. ಅದಕ್ಕ ಅದು ಕೊಯ್ಯುವಾಗ ಒಂದು ಕಡೆ ವಾಲತೈತಿ. ಕೊರದ ಮಗ್ಗಲಿಗೆ ಮಾತ್ರ ಸಣ್ಣ ದುಂಡನೆ ಅರದಂಥ ಕಡ್ಡಿ ಹಿಡದು ಒಂದೊಂದು ತಗ್ಗಿಗೆ ಎರಡ್ಮೂರು ಸಲ ತಿಕ್ಕಬೇಕು. ಸಪಾಟ ಮಗ್ಗಲಿಗೆ ಎದ್ದ ಮುಳ್ಳನ್ನ ಕಲ್ಲಿನ ಮ್ಯಾಲೆ ಹಗುರಕ ಒಮ್ಮೆ ಎಳದ್ರ ಸಾಕು. ಉರುಳೋ ಸಾಣಿಗೆ, ಮನ್ಯಾಗಿನ ಎಳಿಯೋ ಸಾಣಿ ಡಬ್ಬಿಗೆ ಕೊಡಬ್ಯಾಡ್ರಿ. ಅಗ್ಗದ ಚಾಕು ಇದ್ರ ಹೊಸಾದು ತಗೊಳ್ಳೋದು ಲೇಸು.

ಅತ್ತಿಯವರಿಗೆ ತೋರಸಾಕ ನನಗ ಅಂಜಿಕಿ. ಸಂಜಿಮುಂದ ಅವರೇ ಕೇಳಿದ್ರು. ಕೊಟ್ಟೆ. ಬಿಚ್ಚಿ ಬೆರಳಾಡಿಸಿದ್ರು. ಹಿಡಿಕಿ ಹತ್ರ ಉಳದ ನಾಕು ಹಲ್ಲು ಎಣಿಸಿದ್ರು. "ನನಗಿಂತ ಎರಡು ಜಾಸ್ತಿ ಅದಾವ ಬಿಡು" ಅಂದ್ರು. ಮರುದಿನದಿಂದ ಟೊಮ್ಯಾಟೊನ ಹಿಡಿಕಿ ಹತ್ರ ತಂದು ಆ ನಾಕು ಹಲ್ಲಿಲೆ ಸಿಪ್ಪಿ ಗೀರಿ, ಬೋಳು ಬಾಯಿಲೆ ಮುಂದಿಂದು ಕೊಯ್ಯತಿದ್ರು. ಹೊಸಾದು ತರಸ್ತೀನಿ ಅಂದ್ರ ಬ್ಯಾಡ ಅಂದ್ರು. ತೀರಿಕೊಳ್ಳೋ ಹಿಂದಿನ ವಾರದ ತನಕ ಹಂಗೇ ಕೊಯ್ದ್ರು.

ಬಾಜೂ ಮನಿ ಅಕ್ಕಾರು ಕಥಿ ಕೇಳಿ ಚಾಕು ಮಡಚಿ ಸಂಚಿಯೊಳಗ ಇಟ್ರು. ನಾದಿನಿ ಫೋನಿನ್ಯಾಗ ಅವ್ವನ ಅಡಕೊತ್ತು ತನಗ ಬೇಕು ಅಂದಾಳ, ಬರೋ ಅಮಾಸಿಗೆ ಬಂದಾಗ ಕೊಡ್ತೀನಿ. ಚಾಕು ಕೇಳಿಲ್ಲ, ನಾನೂ ಅದರ ಸುದ್ದಿ ತಗದಿಲ್ಲ.